ಶಾಲೆ, ಮಾರ್ಕ್ಸು, ಪಾಲಿಸಿ ಜಗಳ: ಪದೇ ಪದೇ ಕೇಳೋ ಪ್ರಶ್ನೆಗಳು

ಶಿಕ್ಷಣ ನೀತಿ ಅಂತ ಮಾತು ಎತ್ತಿದ್ರೆ ಸಾಕು, ಎಲ್ರ ಹತ್ರನೂ ಒಂದೊಂದು ಮದ್ದು ರೆಡಿ ಇರತ್ತೆ. ಒಬ್ರು ಪರೀಕ್ಷೆ ಬಿಗಿ ಮಾಡಿ ಅಂತಾರೆ, ಇನ್ನೊಬ್ರು ಪರೀಕ್ಷೆನೇ ತೆಗೆದುಹಾಕಿ ಅಂತಾರೆ, ಮತ್ತೊಬ್ರು ಎಲ್ಲದಕ್ಕೂ ಫಿನ್ಲೆಂಡ್ ತೋರಿಸ್ತಾರೆ. ನನ್ನ ನಿಲುವು ಮೊದಲೇ ಹೇಳ್ಬಿಡ್ತೀನಿ, ಆಮೇಲೆ ಪಕ್ಷಪಾತ ಮಾಡ್ದೆ ಅನ್ಬೇಡಿ: ಮಗುಗೆ ಈಗ ಏನು ಬರತ್ತೆ, ಏನು ಬರಲ್ಲ ಅಂತ ನೋಡಿ ಅಲ್ಲಿಂದ ಪಾಠ ಶುರು ಮಾಡೋದೇ ಮುಖ್ಯ. ಅದನ್ನ ಮುಟ್ಟದೇ ಇರೋ ಸುಧಾರಣೆಗಳು ಹೆಚ್ಚಾಗಿ ಪೇಪರ್ ಮೇಲೇ ಉಳಿದಿವೆ.

ಮಕ್ಕಳೆಲ್ಲ ಶಾಲೆಗೆ ಹೋಗ್ತಿದಾರಲ್ಲ, ಮತ್ತೆ ಪ್ರಾಬ್ಲಮ್ ಏನು?

ಹೋಗ್ತಿದಾರೆ, ಆದ್ರೆ ಕಲೀತಿಲ್ಲ, ಅಥವಾ ಕಲೀಬೇಕಾದಷ್ಟು ಕಲೀತಿಲ್ಲ. ವಿಶ್ವ ಬ್ಯಾಂಕ್ 2019ರಲ್ಲಿ ಹಾಕಿದ ಲೆಕ್ಕದ ಪ್ರಕಾರ ಕಡಿಮೆ ಮತ್ತು ಮಧ್ಯಮ ಆದಾಯದ ದೇಶಗಳಲ್ಲಿ 10 ವರ್ಷದ ಮಕ್ಕಳಲ್ಲಿ ಶೇ. 53ರಷ್ಟು ಮಂದಿಗೆ ಒಂದು ಸರಳ ಕಥೆ ಓದಿ ಅರ್ಥ ಮಾಡ್ಕೊಳ್ಳಕ್ಕೆ ಬರಲ್ಲ. ಕೋವಿಡ್ ಟೈಮಲ್ಲಿ ಶಾಲೆ ಮುಚ್ಚಿದ ಮೇಲೆ 2022ರಲ್ಲಿ ಅದೇ ಅಂದಾಜು ಸುಮಾರು ಶೇ. 70ಕ್ಕೆ ಹೋಯ್ತು. ಭಾರತದ ಹಳ್ಳಿಗಳಲ್ಲಿ 2005ರಿಂದ ಮಕ್ಕಳ ಕಲಿಕೆ ಅಳೆಯೋ ಅಸರ್ ಸರ್ವೆ ನಡೀತಿದೆ, ಮನೆ ಬಾಗಿಲಿಗೆ ಹೋಗಿ ಮಗು ಕೈಗೆ ಒಂದು ಪ್ಯಾರಾ ಕೊಟ್ಟು ಓದು ಅಂತಾರೆ ಅಷ್ಟೇ. 5ನೇ ಕ್ಲಾಸ್ ಮಕ್ಕಳಲ್ಲಿ 2ನೇ ಕ್ಲಾಸ್ ಮಟ್ಟದ ಪಾಠ ಓದೋರು 2018ರಲ್ಲಿ ಶೇ. 50.5 ಇದ್ರು, 2022ರಲ್ಲಿ ಶೇ. 42.8. ಅಂದ್ರೆ 5ನೇ ಕ್ಲಾಸ್ ಟೀಚರ್ ಸಮಾಜ ವಿಜ್ಞಾನ ಪಾಠ ಮಾಡ್ತಿದ್ರೆ ಅರ್ಧ ಕ್ಲಾಸಿಗೆ ಆ ಪುಸ್ತಕನೇ ಓದಕ್ಕಾಗಲ್ಲ. ಮುಂದಿನ ಪ್ರಶ್ನೆಗಳನ್ನ ಓದುವಾಗ ಇದು ತಲೇಲಿರಲಿ.

ಎಲ್ಲಾ ಮನೆ ವಾತಾವರಣದ ಮೇಲೆ ನಿಂತಿದೆ, ಶಾಲೆ ಕೈಲಿ ಏನಿದೆ ಅಂತಾರಲ್ಲ?

ಈ ಮಾತಿನ ಬೇರು ಹಳೇದು. ಅಮೆರಿಕದಲ್ಲಿ 1966ರಲ್ಲಿ ಜೇಮ್ಸ್ ಕೋಲ್ಮನ್ ವರದಿ ಬಂತು, 6 ಲಕ್ಷದಷ್ಟು ಮಕ್ಕಳನ್ನ ನೋಡಿದ್ರು. ಕಟ್ಟಡ, ಲೈಬ್ರರಿ, ಖರ್ಚು ಇವೆಲ್ಲಕ್ಕಿಂತ ಮನೆ ಹಿನ್ನೆಲೆಗೇ ಮಾರ್ಕ್ಸ್ ಜೊತೆ ಜಾಸ್ತಿ ನಂಟಿದೆ ಅಂತ ಬಂತು. ಅದು ಸುಳ್ಳಲ್ಲ. ಆದ್ರೆ ಜನ ಅದನ್ನ "ಶಾಲೆ ಏನೂ ಮಾಡಕ್ಕಾಗಲ್ಲ" ಅಂತ ಓದ್ಕೊಂಡ್ರು, ಅದು ಬೇರೆನೇ ಮಾತು. ಒಂದೇ ಥರದ ಮನೆಗಳಿಂದ ಬಂದ ಮಕ್ಕಳು ಬೇರೆ ಬೇರೆ ಟೀಚರ್ ಕೈಲಿ ಬೇರೆ ಬೇರೆ ಥರ ಕಲೀತಾರೆ ಅಂತ ಆಮೇಲಿನ ಸ್ಟಡಿಗಳು ತುಂಬಾ ಸಲ ತೋರಿಸಿವೆ. ಮನೆ ಬದಲಾಯಿಸೋದು ಪಾಲಿಸಿ ಮಾಡೋರ ಕೈಲಿ ಇಲ್ಲ, ಪಾಠ ಬದಲಾಯಿಸೋದು ಇದೆ, ಆ ಕಾರಣಕ್ಕಾದ್ರೂ ಗಮನ ಶಾಲೆ ಮೇಲೆ ಇರ್ಬೇಕು.

ದುಡ್ಡು ಜಾಸ್ತಿ ಹಾಕಿದ್ರೆ ಸರಿ ಹೋಗಲ್ವಾ?

ಯಾವುದಕ್ಕೆ ಹಾಕ್ತೀರ ಅನ್ನೋದ್ರ ಮೇಲಿದೆ. ಕೀನ್ಯಾದಲ್ಲಿ ಶಾಲೆಗಳಿಗೆ ಪಠ್ಯಪುಸ್ತಕ ಕೊಟ್ಟು ನೋಡಿದ್ರು, ಪಾಪ ಪುಸ್ತಕನೇ ಇಲ್ಲ, ಕೊಟ್ರೆ ಖಂಡಿತ ಕಲೀತಾರೆ ಅಂತ ಎಲ್ರೂ ಅಂದ್ಕೊಂಡಿದ್ರು. ಸರಾಸರಿ ಸ್ಕೋರು ಅಲ್ಲಾಡ್ಲೇ ಇಲ್ಲ. ಮೊದಲೇ ಮುಂದಿದ್ದ ಮಕ್ಕಳಿಗೆ ಮಾತ್ರ ಉಪಯೋಗ ಆಯ್ತು, ಯಾಕಂದ್ರೆ ಪುಸ್ತಕ ಇಂಗ್ಲಿಷಲ್ಲಿತ್ತು, ಬಹಳಷ್ಟು ಮಕ್ಕಳಿಗೆ ಅದು ಮೂರನೇ ಭಾಷೆ. ಇಂಡೋನೇಷ್ಯಾದಲ್ಲಿ ಸರ್ಟಿಫಿಕೇಟ್ ಪಡೆದ ಟೀಚರ್‌ಗಳ ಮೂಲ ಸಂಬಳನೇ ಡಬಲ್ ಮಾಡಿದ್ರು, ಟೀಚರ್‌ಗಳು ಖುಷಿಯಾದ್ರು, ಸಾಲ ಟೆನ್ಷನ್ ಕಮ್ಮಿ ಆಯ್ತು (ಅದೂ ಒಳ್ಳೇದೇ), ಮಕ್ಕಳ ಕಲಿಕೆಯಲ್ಲಿ ವ್ಯತ್ಯಾಸ ಕಾಣಿಸ್ಲಿಲ್ಲ.

ಇನ್ನೊಂದು ಕಡೆ ನೋಡಿ. ಚೀನಾದ ಪಶ್ಚಿಮ ಭಾಗದ ಹಳ್ಳಿಗಳಲ್ಲಿ ಕಣ್ಣು ಮಂಜಾದ ಮಕ್ಕಳಿಗೆ ಫ್ರೀ ಕನ್ನಡಕ ಕೊಟ್ರು, ಗಣಿತದ ಸ್ಕೋರು ಏರ್ತು. ಕನ್ನಡಕ! ಬೋರ್ಡೇ ಕಾಣದ ಮಗುಗೆ ಸಿಲಬಸ್ ರಿಫಾರ್ಮ್ ಯಾಕೆ ಬೇಕು ಹೇಳಿ. ದುಡ್ಡಿನ ಮೊತ್ತಕ್ಕಿಂತ ಕಲಿಕೆ ಎಲ್ಲಿ ಕಟ್ಟಾಗ್ತಿದೆಯೋ ಅಲ್ಲಿಗೆ ದುಡ್ಡು ಮುಟ್ತಾ ಅನ್ನೋದು ಮುಖ್ಯ. ಹಾಗಂತ ದುಡ್ಡೇ ಬೇಡ ಅಂತ ಬಜೆಟ್ ಕಟ್ ಮಾಡೋರಿಗೆ ಇದನ್ನ ಆಧಾರ ಮಾಡ್ಕೊಡ್ಬೇಡಿ ಮತ್ತೆ.

ಒಂದು ಕ್ಲಾಸಲ್ಲಿ ಎಷ್ಟು ಮಕ್ಕಳಿದ್ರೆ ಸರಿ?

ಅಮೆರಿಕದ ಟೆನೆಸೀ ರಾಜ್ಯದಲ್ಲಿ 1985ರಲ್ಲಿ ಶುರುವಾದ ಸ್ಟಾರ್ ಪ್ರಯೋಗ ಈ ವಿಷಯದಲ್ಲಿ ಎಲ್ರೂ ತೋರಿಸೋ ಸಾಕ್ಷಿ. ಚೀಟಿ ಎತ್ತಿದ ಥರ ಮಕ್ಕಳನ್ನ 13-17 ಮಂದಿಯ ಕ್ಲಾಸಿಗೂ 22-25 ಮಂದಿಯ ಕ್ಲಾಸಿಗೂ ಹಂಚಿದ್ರು, 3ನೇ ಕ್ಲಾಸ್ ತನಕ ನೋಡಿದ್ರು. ಚಿಕ್ಕ ಕ್ಲಾಸಿನ ಮಕ್ಕಳು ಮುಂದೆ ಬಂದ್ರು, ಕಪ್ಪು ಮಕ್ಕಳಿಗೆ ಇನ್ನೂ ಜಾಸ್ತಿ ಲಾಭ ಆಯ್ತು. ದೊಡ್ಡ ಕ್ಲಾಸಿಗೆ ಒಬ್ಬ ಹೆಲ್ಪರ್ ಕೊಟ್ಟಿದ್ರಿಂದ ಹೇಳ್ಕೊಳ್ಳೋ ಅಂಥ ವ್ಯತ್ಯಾಸ ಆಗ್ಲಿಲ್ಲ.

ಇದನ್ನ ನೋಡಿ ಕ್ಯಾಲಿಫೋರ್ನಿಯಾ 1996ರಲ್ಲಿ ಇಡೀ ರಾಜ್ಯದಲ್ಲಿ ಕೆಳಗಿನ ಕ್ಲಾಸುಗಳನ್ನ ಸುಮಾರು 30ರಿಂದ 20ಕ್ಕೆ ಇಳಿಸಿತು. ಒಂದೇ ಸಲಕ್ಕೆ ಅಷ್ಟು ಟೀಚರ್ ಎಲ್ಲಿಂದ ತರ್ತೀರ? ಪೂರ್ತಿ ತರಬೇತಿ ಇಲ್ಲದೋರನ್ನೆಲ್ಲ ತಗೊಂಡ್ರು, ಬಡವರ ಶಾಲೆಯಲ್ಲಿದ್ದ ಅನುಭವಸ್ಥರು ಒಳ್ಳೇ ಏರಿಯಾ ಶಾಲೆಗಳಿಗೆ ಹೋದ್ರು, ಲಾಭ ಎಷ್ಟು ಅಂತ ಬಿಡಿಸಿ ಹೇಳೋದೇ ಕಷ್ಟ ಆಯ್ತು. ಹಾಗಾಗಿ ನನ್ನ ಉತ್ತರ: ಚಿಕ್ಕ ಮಕ್ಕಳಿಗೆ ಚಿಕ್ಕ ಕ್ಲಾಸು ಒಳ್ಳೇದು, ಆದ್ರೆ ಟೀಚರ್ ಗುಣಮಟ್ಟ ಬಿಟ್ಕೊಟ್ಟು ತಲೆ ಎಣಿಕೆ ಇಳಿಸೋದು ದುಬಾರಿ ವ್ಯಾಪಾರ.

ನಿಜವಾದ ಪ್ರಾಬ್ಲಮ್ ಟೀಚರ್‌ಗಳು ಅಲ್ವಾ? ಬರೋದೇ ಇಲ್ಲ, ಬಂದ್ರೂ ಪಾಠ ಮಾಡಲ್ಲ.

ಅರ್ಧ ನಿಜ. 2003ರಲ್ಲಿ ಭಾರತದ ಸರ್ಕಾರಿ ಪ್ರಾಥಮಿಕ ಶಾಲೆಗಳಿಗೆ ಹೇಳದೇ ಕೇಳದೇ ಭೇಟಿ ಕೊಟ್ಟಾಗ ನಾಲ್ಕರಲ್ಲಿ ಒಬ್ಬ ಟೀಚರ್ ಇರ್ಲಿಲ್ಲ. ಉದಯಪುರದ ಹತ್ರ ಒಂದು ಸಂಸ್ಥೆಯ ಏಕೋಪಾಧ್ಯಾಯ ಶಾಲೆಗಳಲ್ಲಿ ದಿನಾ ಕ್ಯಾಮೆರಾದಲ್ಲಿ ಫೋಟೋ ತೆಗೆಸಿ ಹಾಜರಿಗೆ ತಕ್ಕಂತೆ ಸಂಬಳ ಕೊಟ್ಟಾಗ ಗೈರುಹಾಜರಿ ಶೇ. 42ರಿಂದ 21ಕ್ಕೆ ಇಳೀತು, ಮಕ್ಕಳ ಸ್ಕೋರೂ ಏರ್ತು.

ಇನ್ನರ್ಧ ಏನಂದ್ರೆ, ದಿನಾ ಬಂದು ಪ್ರಾಮಾಣಿಕವಾಗಿ ಪಾಠ ಮಾಡೋ ಟೀಚರ್‌ಗೂ ವ್ಯವಸ್ಥೆ ಹೇಳೋದು ಒಂದೇ: ಪೋರ್ಷನ್ ಮುಗಿಸಿ. ಮಗುಗೆ ಅರ್ಥ ಆಯ್ತಾ ಅಂತ ಯಾರೂ ಕೇಳಲ್ಲ, ಎಷ್ಟನೇ ಪಾಠದಲ್ಲಿದೀರ ಅಂತ ಕೇಳ್ತಾರೆ. ಜೊತೆಗೆ ಗಣತಿ, ಸರ್ವೆ, ಎಲೆಕ್ಷನ್ ಡ್ಯೂಟಿ, ಆ್ಯಪಲ್ಲಿ ಡೇಟಾ ತುಂಬೋದು. ಪೋರ್ಷನ್ ವೇಗಕ್ಕೆ ಓಡೋ ಟೀಚರ್ ಮುಂದಿನ ಬೆಂಚಿನ ನಾಲ್ಕು ಮಕ್ಕಳ ಜೊತೆ ಓಡ್ತಾರೆ, ಅದು ಅವರ ಸೋಮಾರಿತನ ಅಲ್ಲ.

ರಿಸಲ್ಟ್ ನೋಡಿ ಟೀಚರ್‌ಗೆ ಸಂಬಳ ಕೊಟ್ರೆ?

ಹೊಸ ಐಡಿಯಾ ಅಂತ ಅಂದ್ಕೊಂಡಿದ್ರೆ, ಇಂಗ್ಲೆಂಡ್ 1862ರಲ್ಲೇ ಇದನ್ನ ಮಾಡಿತ್ತು. ಇನ್ಸ್‌ಪೆಕ್ಟರ್ ಬಂದು ಓದು, ಬರಹ, ಲೆಕ್ಕ ಪರೀಕ್ಷೆ ಮಾಡ್ತಿದ್ರು, ಪಾಸಾದ ಮಕ್ಕಳ ತಲೆ ಎಣಿಸಿ ಶಾಲೆಗೆ ಅನುದಾನ. ಪರಿಣಾಮ, ಪಾಠ ಅಂದ್ರೆ ಬಾಯಿಪಾಠ ಅಂತಾಯ್ತು. 1890ರ ದಶಕದಲ್ಲಿ ಕೈಬಿಟ್ರು.

ಈಚಿನ ಕಾಲದಲ್ಲಿ ಆಂಧ್ರಪ್ರದೇಶದಲ್ಲಿ ನಡೆದ ಪ್ರಯೋಗದಲ್ಲಿ ಮಕ್ಕಳ ಪ್ರಗತಿ ಆಧರಿಸಿ ಸಣ್ಣ ಬೋನಸ್ ಕೊಟ್ಟಾಗ ಕಲಿಕೆ ಏರ್ತು, ಬೋನಸ್ ಇಲ್ಲದ ವಿಷಯಗಳಲ್ಲೂ ಏರ್ತು. ನ್ಯೂಯಾರ್ಕ್ ಸಿಟಿಯಲ್ಲಿ ಅದೇ ಥರದ ಪ್ರೋಗ್ರಾಂ ಮಾಡಿದಾಗ ಏನೂ ಆಗ್ಲಿಲ್ಲ. ಅಂದ್ರೆ ಎಲ್ಲಿ ಶ್ರಮನೇ ಕಮ್ಮಿ ಇತ್ತೋ ಅಲ್ಲಿ ಬೋನಸ್ಸು ಶ್ರಮ ಹೆಚ್ಚಿಸತ್ತೆ, ಹೇಗೆ ಕಲಿಸೋದು ಅನ್ನೋದೇ ಗೊತ್ತಾಗದೇ ಇರೋ ಕಡೆ ಬೋನಸ್ಸಿಗೆ ಅದನ್ನ ಹೇಳ್ಕೊಡಕ್ಕಾಗಲ್ಲ. ಇದು ನನ್ನ ಓದು, ಬೇರೆ ಥರ ಓದೋರೂ ಇದಾರೆ.

ಪಬ್ಲಿಕ್ ಪರೀಕ್ಷೆ ಇರ್ಬೇಕಾ ಬೇಡ್ವಾ?

ಈ ಜಗಳದಲ್ಲಿ ಎರಡು ಬೇರೆ ಬೇರೆ ಪರೀಕ್ಷೆಗಳನ್ನ ಒಂದೇ ಅನ್ಕೊಂಡು ಕೂಗಾಡ್ತಾರೆ. ಮಗು ಎಲ್ಲಿದೆ ಅಂತ ತಿಳ್ಕೊಳ್ಳೋ ಪರೀಕ್ಷೆ ಒಂದು. ಶಾಲೆಗೆ, ಟೀಚರ್‌ಗೆ, ಮಗುಗೆ ಬಹುಮಾನನೋ ಶಿಕ್ಷೆನೋ ಕೊಡೋ ಪರೀಕ್ಷೆ ಇನ್ನೊಂದು.

ಎರಡನೇದರ ಕಥೆ ಅಮೆರಿಕದಲ್ಲಿ ಚೆನ್ನಾಗಿ ಗೊತ್ತಾಯ್ತು. 2002ರ ಜನವರಿಯಲ್ಲಿ ಸಹಿ ಬಿದ್ದ 'ನೋ ಚೈಲ್ಡ್ ಲೆಫ್ಟ್ ಬಿಹೈಂಡ್' ಕಾಯ್ದೆ 3ರಿಂದ 8ನೇ ಕ್ಲಾಸ್ ತನಕ ಪ್ರತಿ ವರ್ಷ ಓದು ಮತ್ತು ಗಣಿತದ ಟೆಸ್ಟ್ ಕಡ್ಡಾಯ ಮಾಡ್ತು, 2014ರ ಹೊತ್ತಿಗೆ ಪ್ರತಿಯೊಂದು ಮಗುನೂ ನಿಗದಿತ ಮಟ್ಟ ಮುಟ್ಬೇಕು ಅಂತು. ಪ್ರತಿಯೊಂದು! ಒಳ್ಳೇದೂ ಆಯ್ತು, ಬಡ ಮಕ್ಕಳ, ಕಪ್ಪು ಮಕ್ಕಳ ಸ್ಕೋರು ಬೇರೆ ಬೇರೆಯಾಗಿ ತೋರಿಸ್ಬೇಕಿದ್ರಿಂದ ಶಾಲೆ ಸರಾಸರಿಯ ಹಿಂದೆ ಅವರನ್ನ ಬಚ್ಚಿಡಕ್ಕಾಗ್ಲಿಲ್ಲ. ಕೆಟ್ಟದ್ದೂ ಆಯ್ತು, ಟೆಸ್ಟ್ ಇಲ್ಲದ ವಿಷಯಗಳ ಟೈಮ್ ಹೋಯ್ತು, ಕೆಲವು ರಾಜ್ಯಗಳು ಪಾಸ್ ಗೆರೆಯನ್ನೇ ಕೆಳಗೆ ಇಳಿಸಿದ್ವು. ಅಟ್ಲಾಂಟಾದಲ್ಲಂತೂ ಮಕ್ಕಳ ಉತ್ತರಗಳನ್ನ ಶಾಲೆಯವರೇ ಅಳಿಸಿ ತಿದ್ದಿದ್ದು ಹೊರಬಂತು, 2011ರ ರಾಜ್ಯ ತನಿಖೆ 178 ಮಂದಿಯ ಹೆಸರು ಹೇಳ್ತು, 2015ರಲ್ಲಿ 11 ಮಂದಿಗೆ ಕೋರ್ಟಲ್ಲಿ ಅಪರಾಧ ಸಾಬೀತಾಯ್ತು. ಅದೇ ವರ್ಷದ ಕೊನೆಗೆ ಆ ಕಾಯ್ದೆ ಬದಲಾಯ್ತು. ಒಂದು ಅಳತೆಗೆ ಶಿಕ್ಷೆ ಕಟ್ಟಿದಷ್ಟೂ ಆ ಅಳತೆ ಕೆಡತ್ತೆ ಅಂತ ಅಮೆರಿಕದ ಸಮಾಜ ವಿಜ್ಞಾನಿ ಡೊನಾಲ್ಡ್ ಕ್ಯಾಂಬೆಲ್ 1970ರ ದಶಕದಲ್ಲೇ ಎಚ್ಚರಿಸಿದ್ರು.

ಮೊದಲನೇ ಥರದ ಟೆಸ್ಟು ಮಾತ್ರ ಬೇಕೇ ಬೇಕು. ಅದಿಲ್ಲದೇ ಟೀಚರ್ ಕತ್ತಲಲ್ಲಿ ಪಾಠ ಮಾಡ್ಬೇಕು. ಅಷ್ಟೇ ಅಲ್ಲ, ಟೆಸ್ಟೇ ಕಲಿಕೆ ಕೂಡ: ಮನಶ್ಶಾಸ್ತ್ರಜ್ಞರಾದ ರೋಡಿಗರ್, ಕಾರ್ಪಿಕಿ 2006ರಲ್ಲಿ ಮಾಡಿದ ಪ್ರಯೋಗದಲ್ಲಿ ಓದಿದ್ದನ್ನ ಮತ್ತೆ ಮತ್ತೆ ಓದಿದವರಿಗಿಂತ ಪುಸ್ತಕ ಮುಚ್ಚಿ ನೆನಪು ಮಾಡ್ಕೊಂಡವರಿಗೆ ಒಂದು ವಾರ ಆದ್ಮೇಲೆ ಜಾಸ್ತಿ ನೆನಪಿತ್ತು. ಮಾರ್ಕ್ಸ್ ಕಾರ್ಡಿಗೆ ಹೋಗದ ಐದು ನಿಮಿಷದ ಟೆಸ್ಟ್, ವಾರಕ್ಕೆ ಎರಡು ಸಲ. ಅಷ್ಟಕ್ಕೆ ಯಾವ ಕಾಯ್ದೆನೂ ಬೇಕಿಲ್ಲ.

ಫೇಲ್ ಮಾಡೋದು ನಿಲ್ಲಿಸಿದ್ದೇ ಹಾಳಾಗಕ್ಕೆ ಕಾರಣ ಅಂತಾರೆ, ಹೌದಾ?

ಭಾರತದಲ್ಲಿ 2009ರ ಆರ್‌ಟಿಇ (ಶಿಕ್ಷಣ ಹಕ್ಕು) ಕಾಯ್ದೆ 8ನೇ ಕ್ಲಾಸ್ ತನಕ ಫೇಲ್ ಮಾಡಂಗಿಲ್ಲ ಅಂತು, 2019ರ ತಿದ್ದುಪಡಿ 5 ಮತ್ತು 8ನೇ ಕ್ಲಾಸಲ್ಲಿ ಬೇಕಾದ್ರೆ ಮಾಡ್ಬಹುದು ಅಂತ ರಾಜ್ಯಗಳಿಗೆ ಬಿಡ್ತು. ಎರಡೂ ಕಡೆಯವರು ಮುಖ್ಯ ವಿಷಯ ಬಿಟ್ಟು ಜಗಳಾಡ್ತಿದಾರೆ ಅಂತ ನನಗನ್ಸತ್ತೆ. ಬರದೇ ಇರೋ ಮಗುನ ಮುಂದಕ್ಕೆ ತಳ್ಳಿದ್ರೆ ಮುಂದಿನ ಕ್ಲಾಸಲ್ಲೂ ಬರಲ್ಲ. ಅದೇ ಕ್ಲಾಸಲ್ಲಿ ಕೂರ್ಸಿ ಅದೇ ಪಾಠ ಅದೇ ಥರ ಮಾಡಿದ್ರೆ ಈ ವರ್ಷನೂ ಬರಲ್ಲ, ಮೇಲಿಂದ ಅವಮಾನ, ಆಮೇಲೆ ಶಾಲೆ ಬಿಡೋದು.

ಅಮೆರಿಕದ ಮಿಸಿಸಿಪ್ಪಿ ರಾಜ್ಯದ ಉದಾಹರಣೆ ಇಲ್ಲಿ ಎಲ್ರೂ ತೆಗೀತಾರೆ. 2013ರ ಕಾಯ್ದೆ ಪ್ರಕಾರ 3ನೇ ಕ್ಲಾಸ್ ಕೊನೆಗೆ ಓದಕ್ಕೆ ಬರದಿದ್ರೆ ಮುಂದಕ್ಕಿಲ್ಲ. ಆಗ ರಾಷ್ಟ್ರೀಯ ಟೆಸ್ಟಲ್ಲಿ ಬಹುತೇಕ ಕೊನೇ ಸ್ಥಾನದಲ್ಲಿದ್ದ ರಾಜ್ಯ, 2019ಕ್ಕೆ 4ನೇ ಕ್ಲಾಸ್ ಓದಿನಲ್ಲಿ ದೇಶದ ಸರಾಸರಿ ಮುಟ್ತು. ಫೇಲ್ ಪರ ಇರೋರು ಅಷ್ಟಕ್ಕೇ ನಿಲ್ಲಿಸ್ತಾರೆ. ಅದೇ ಕಾಯ್ದೆ ಜೊತೆಗೆ ಶಿಶು ತರಗತಿಯಿಂದಲೇ ಓದಿನ ತಪಾಸಣೆ, ಅಕ್ಷರ-ಧ್ವನಿ ಜೋಡಿಸಿ ಓದಿಸೋದು ಹೇಗೆ ಅಂತ ಟೀಚರ್‌ಗಳಿಗೆ ತರಬೇತಿ, ಹಿಂದುಳಿದ ಶಾಲೆಗಳಿಗೆ ಕೋಚ್‌ಗಳು, ಇದೆಲ್ಲ ಬಂತು. ಫೇಲ್ ಮಾಡ್ತೀವಿ ಅನ್ನೋ ಬೆದರಿಕೆ ಒಂದನ್ನೇ ತಗೊಂಡು ಬಂದು ಉಳಿದಿದ್ದೆಲ್ಲ ಅಲ್ಲೇ ಬಿಟ್ರೆ ಆ ರಿಸಲ್ಟ್ ಬರಲ್ಲ.

ಹುಷಾರ್ ಮಕ್ಕಳನ್ನ, ಹಿಂದಿರೋರನ್ನ ಬೇರೆ ಬೇರೆ ಕೂರ್ಸೋದು ಅನ್ಯಾಯ ಅಲ್ವಾ?

ಹೇಗೆ ಕೂರ್ಸ್ತೀರ ಅನ್ನೋದ್ರಲ್ಲಿ ಎಲ್ಲಾ ಇದೆ. ಜರ್ಮನಿಯ ಬಹುತೇಕ ರಾಜ್ಯಗಳಲ್ಲಿ 10 ವರ್ಷಕ್ಕೇ ಮಕ್ಕಳನ್ನ ಬೇರೆ ಬೇರೆ ಥರದ ಶಾಲೆಗೆ ಕಳಿಸ್ತಾರೆ, ಅಷ್ಟು ಬೇಗ ಹಣೆಬರಹ ಬರೆದ್ರೆ ಅಪ್ಪ ಅಮ್ಮನ ಅಂತಸ್ತೇ ಮಗುನ ಅಂತಸ್ತಾಗತ್ತೆ ಅನ್ನೋ ಟೀಕೆ ಇದೆ, ಅದು ನ್ಯಾಯವಾದದ್ದು.

ಆದ್ರೆ ಕೀನ್ಯಾದ 121 ಶಾಲೆಗಳಲ್ಲಿ ಬೇರೆ ಥರ ನೋಡಿದ್ರು. 1ನೇ ಕ್ಲಾಸಿಗೆ ಇನ್ನೊಬ್ಬ ಟೀಚರ್ ಕೊಟ್ಟು ಎರಡು ಸೆಕ್ಷನ್ ಮಾಡಿದ್ರು, ಕೆಲವು ಶಾಲೆಗಳಲ್ಲಿ ಮಟ್ಟ ನೋಡಿ, ಕೆಲವು ಕಡೆ ಸುಮ್ನೆ ಕಲಸಿ. ಮಟ್ಟ ನೋಡಿ ಮಾಡಿದ ಕಡೆ ಮೇಲಿನ ಸೆಕ್ಷನ್ ಮಾತ್ರ ಅಲ್ಲ, ಕೆಳಗಿನ ಸೆಕ್ಷನ್ ಮಕ್ಕಳೂ ಮುಂದೆ ಬಂದ್ರು, ಯಾಕಂದ್ರೆ ಟೀಚರ್‌ಗೆ ಮೊದಲನೇ ಸಲ ಅವರ ಮಟ್ಟಕ್ಕೆ ಪಾಠ ಮಾಡಕ್ಕಾಯ್ತು. ಮುಂಬೈ, ವಡೋದರಾದಲ್ಲಿ ಪ್ರಥಮ್ ಸಂಸ್ಥೆಯ ಬಾಲಸಖಿ ಕಾರ್ಯಕ್ರಮವೂ ಅದೇ ತತ್ವ: ಅದೇ ಬಡಾವಣೆಯ ಯುವತಿಯರು 3, 4ನೇ ಕ್ಲಾಸಿನ ಹಿಂದುಳಿದ ಮಕ್ಕಳನ್ನ ದಿನಕ್ಕೆ ಎರಡು ಗಂಟೆ ಪಕ್ಕಕ್ಕೆ ಕರೆದು ಬುಡದಿಂದ ಓದು, ಲೆಕ್ಕ ಕಲಿಸಿದ್ರು. ಸ್ಕೋರು ಏರಿದ್ದು ಮುಖ್ಯವಾಗಿ ಆ ಹಿಂದಿದ್ದ ಮಕ್ಕಳಲ್ಲೇ. ದಿನದಲ್ಲಿ ಒಂದೆರಡು ಗಂಟೆ, ವಿಷಯಕ್ಕೆ ತಕ್ಕಂತೆ, ಕೆಲವು ವಾರಕ್ಕೊಮ್ಮೆ ಬದಲಾಗೋ ಗುಂಪು ಒಳ್ಳೇದು. 'ಡಿ ಸೆಕ್ಷನ್' ಅಂತ ವರ್ಷವಿಡೀ ಹಣೆಪಟ್ಟಿ ಅಂಟಿಸೋದು ಕೆಟ್ಟದ್ದು.

ಯಾವ ಭಾಷೇಲಿ ಕಲಿಸ್ಬೇಕು?

ಓದು ಶುರು ಮಾಡೋದು ಮಗುಗೆ ಅರ್ಥ ಆಗೋ ಭಾಷೇಲೇ. ಯುನೆಸ್ಕೋ ಇದನ್ನ 1953ರಿಂದ ಹೇಳ್ತಾ ಬಂದಿದೆ. ಆಫ್ರಿಕಾದ ಕ್ಯಾಮರೂನ್‌ನಲ್ಲಿ ಕೋಮ್ ಅನ್ನೋ ಅಲ್ಲಿನ ಭಾಷೇಲಿ ಮೊದಲ ಮೂರು ವರ್ಷ ಕಲಿತ ಮಕ್ಕಳು ಇಂಗ್ಲಿಷ್ ಶಾಲೆ ಮಕ್ಕಳಿಗಿಂತ ಚೆನ್ನಾಗಿ ಕಲಿತ್ರು, ಇಂಗ್ಲಿಷಲ್ಲೂ ಸಹ. ಆದ್ರೆ ಆಮೇಲೆ ಒಂದೇ ಏಟಿಗೆ ಇಂಗ್ಲಿಷ್ ಮಾಧ್ಯಮಕ್ಕೆ ಹಾಕಿದ ಮೇಲೆ ಆ ಮುನ್ನಡೆ ಕರಗ್ತಾ ಹೋಯ್ತು. ಹಾಗಾಗಿ ಶುರು ಎಷ್ಟು ಮುಖ್ಯನೋ ದಾಟಿಸೋ ರೀತಿನೂ ಅಷ್ಟೇ ಮುಖ್ಯ, ಅದರ ಬಗ್ಗೆ ಮಾತ್ರ ಯಾರೂ ಜಗಳಾಡಲ್ಲ. ಇಂಗ್ಲಿಷ್ ಬೇಕು ಅನ್ನೋ ಅಪ್ಪ ಅಮ್ಮನ್ನ ಬೈಯೋದು ಬಿಡಿ, ಅವರು ಕೇಳ್ತಿರೋದು ಕೆಲಸದ ದಾರಿ. ಇಂಗ್ಲಿಷನ್ನ ಒಂದು ವಿಷಯವಾಗಿ ಚೆನ್ನಾಗಿ ಕಲಿಸೋದು ಬೇರೆ, ಗೊತ್ತಿಲ್ಲದ ಭಾಷೇಲಿ ಗಣಿತ ಕಲಿಸೋದು ಬೇರೆ.

ಪ್ರೈವೇಟ್ ಶಾಲೆ ಅಥವಾ ವೌಚರ್ (ಇಷ್ಟದ ಶಾಲೆಯ ಫೀಸಿಗೆ ಸರ್ಕಾರ ಕೊಡೋ ದುಡ್ಡು) ಕೊಟ್ರೆ ಕಾಂಪಿಟೇಷನ್ ಬಂದು ಎಲ್ಲಾ ಸುಧಾರಿಸಲ್ವಾ?

ಚಿಲಿ 1981ರಲ್ಲೇ ಇಡೀ ದೇಶಕ್ಕೆ ವೌಚರ್ ತಂತು. ಶಾಲೆಗಳು ಮಕ್ಕಳನ್ನ ಆರಿಸಿಕೊಳ್ಳಕ್ಕೆ ಶುರು ಮಾಡಿದ್ವು, ಉಳ್ಳವರು ಒಂದು ಕಡೆ, ಇಲ್ಲದವರು ಒಂದು ಕಡೆ ಆದ್ರು. ಕೊನೆಗೆ 2008ರಲ್ಲಿ ಬಡ ಮಕ್ಕಳಿಗೆ ಹೆಚ್ಚಿನ ಮೊತ್ತ, 2015ರಲ್ಲಿ ಶಾಲೆ ಮಕ್ಕಳನ್ನ ಆಯ್ಕೆ ಮಾಡೋದಕ್ಕೂ ವೌಚರ್ ಮೇಲೆ ಎಕ್ಸ್‌ಟ್ರಾ ಫೀಸು ತಗೊಳ್ಳೋದಕ್ಕೂ ತಡೆ ಹಾಕೋ ಕಾನೂನು ತರ್ಬೇಕಾಯ್ತು. ಆಂಧ್ರದಲ್ಲಿ ಲಾಟರಿ ಎತ್ತಿ ವೌಚರ್ ಕೊಟ್ಟು ನೋಡಿದಾಗ, ಪ್ರೈವೇಟಿಗೆ ಹೋದ ಮಕ್ಕಳು ತೆಲುಗು, ಗಣಿತದಲ್ಲಿ ಸರ್ಕಾರಿ ಶಾಲೆ ಮಕ್ಕಳಷ್ಟೇ ಕಲಿತ್ರು, ಹಿಂದಿಯಲ್ಲಿ ಮುಂದಿದ್ರು. ಪ್ರೈವೇಟಲ್ಲಿ ಖರ್ಚು ಮಾತ್ರ ಸರ್ಕಾರಿ ಶಾಲೆಯದ್ದರ ಮೂರನೇ ಒಂದು ಭಾಗ. ಇದನ್ನ ಎರಡೂ ಕಡೆಯವರು ತಮ್ಮ ಗೆಲುವು ಅಂತಾರೆ, ನನಗೆ ಕಾಣೋದು ಬಾಗಿಲ ಮೇಲಿನ ಹೆಸರಿನ ಬೋರ್ಡ್ ಬದಲಾದ್ರೂ ಕ್ಲಾಸ್‌ರೂಮ್ ಅಷ್ಟೇನೂ ಬದಲಾಗಿಲ್ಲ ಅಂತ.

ಟ್ಯಾಬ್, ಸ್ಮಾರ್ಟ್ ಕ್ಲಾಸ್, ಈಗ ಎಐ?

ಪೆರುವಿನಲ್ಲಿ ಮಗುಗೊಂದು ಲ್ಯಾಪ್‌ಟಾಪ್ ಕೊಟ್ರು, 2012ರ ಸ್ಟಡಿ ಪ್ರಕಾರ ಗಣಿತ, ಭಾಷೆಯಲ್ಲಿ ಬದಲಾವಣೆ ಇಲ್ಲ. ದೆಹಲಿಯಲ್ಲಿ ಮೈಂಡ್‌ಸ್ಪಾರ್ಕ್ ಅನ್ನೋ ಸಾಫ್ಟ್‌ವೇರಲ್ಲಿ ನಾಲ್ಕೂವರೆ ತಿಂಗಳಲ್ಲಿ ಗಣಿತ, ಹಿಂದಿ ಎರಡೂ ಚೆನ್ನಾಗೇ ಏರ್ತು. ವ್ಯತ್ಯಾಸ ಯಂತ್ರದಲ್ಲಿಲ್ಲ, ಎರಡನೇದು ಮಗು ಯಾವ ಮಟ್ಟದಲ್ಲಿದೆ ಅಂತ ನೋಡಿ ಅಲ್ಲಿಂದ ಪ್ರಶ್ನೆ ಕೊಡ್ತಿತ್ತು. ಎಐ ಬಗ್ಗೆನೂ ಇದನ್ನೇ ಕೇಳಿ: ಮಗು ಯೋಚನೆ ಮಾಡತ್ತಾ, ಇಲ್ಲ ಅದರ ಬದಲಿಗೆ ಯಂತ್ರ ಮಾಡತ್ತಾ?

ಫಿನ್ಲೆಂಡ್ ಥರ ಯಾಕೆ ಮಾಡ್ಬಾರ್ದು?

ಫಿನ್ಲೆಂಡ್ ಪಿಸಾ (ಬೇರೆ ಬೇರೆ ದೇಶಗಳ 15 ವರ್ಷದ ಮಕ್ಕಳಿಗೆ ನಡೆಸೋ ಟೆಸ್ಟ್) ಗಣಿತದಲ್ಲಿ 2006ರಲ್ಲಿ 548 ಇತ್ತು, 2022ರಲ್ಲಿ 484. 2022ರಲ್ಲಿ ಮೇಲಿದ್ದದ್ದು ಸಿಂಗಾಪುರ, 575, ಅಲ್ಲಿ ಪರೀಕ್ಷೆ ಒತ್ತಡ ಕೇಳ್ಲೇಬೇಡಿ. ಫಿನ್ಲೆಂಡಿನಿಂದ ಕಲಿಯೋದಿದ್ರೆ ಟೀಚರ್ ಆಗಕ್ಕೆ ಮಾಸ್ಟರ್ಸ್ ಮಟ್ಟದ ಓದು ಬೇಕು ಅನ್ನೋದನ್ನ, ಹಿಂದೆ ಬೀಳೋ ಮಗುಗೆ ಬೇಗ ಎಕ್ಸ್‌ಟ್ರಾ ಸಹಾಯ ಸಿಗತ್ತೆ ಅನ್ನೋದನ್ನ ಕಲೀಬೇಕು. ವಾಟ್ಸಾಪಲ್ಲಿ ಬರೋ "ಅಲ್ಲಿ ಪರೀಕ್ಷೆನೇ ಇಲ್ಲ" ಅನ್ನೋದು ಸುಳ್ಳು, ಹೈಸ್ಕೂಲ್ ಮೇಲಿನ ಹಂತ ಮುಗಿಸುವಾಗ ದೊಡ್ಡ ರಾಷ್ಟ್ರೀಯ ಪರೀಕ್ಷೆ ಇದೆ.

ಹೋಂವರ್ಕ್?

ಹೈಸ್ಕೂಲಲ್ಲಿ ಮಾರ್ಕ್ಸ್ ಜೊತೆ ನಂಟು ಕಾಣತ್ತೆ, ಪ್ರೈಮರಿಯಲ್ಲಿ ತುಂಬಾ ಕಮ್ಮಿ. ಚಿಕ್ಕ ಮಕ್ಕಳಿಗೆ ಬರೀ ಓದಿಸಿ.

ನನ್ನ ಮಗ ವಿಶುವಲ್ ಲರ್ನರ್ (ಕಣ್ಣಲ್ಲಿ ನೋಡಿದ್ರೇ ಕಲಿಯೋನು), ಅವನಿಗೆ ಬೇರೆ ಥರ ಪಾಠ ಬೇಕಾ?

ಬೇಡ. 2008ರಲ್ಲಿ ಮನಶ್ಶಾಸ್ತ್ರಜ್ಞ ಪ್ಯಾಶ್ಲರ್ ಮತ್ತು ಜೊತೆಗಾರರು ಇದ್ದಬದ್ದ ಸಂಶೋಧನೆ ಎಲ್ಲಾ ಜಾಲಾಡಿ ನೋಡಿ, ಈ ಲರ್ನಿಂಗ್ ಸ್ಟೈಲ್‌ಗೆ ತಕ್ಕಂತೆ ಪಾಠ ಮಾಡಿದ್ರೆ ಲಾಭ ಅನ್ನೋದಕ್ಕೆ ಸರಿಯಾದ ಪುರಾವೆ ಇಲ್ಲ ಅಂದ್ರು. ಆದ್ರೂ ವರ್ಕ್‌ಶಾಪ್ ನಡೀತಾನೇ ಇವೆ, ಸರ್ಟಿಫಿಕೇಟ್ ಸಮೇತ.

ದೊಡ್ಡ ಮಟ್ಟದಲ್ಲಿ ಸರ್ಕಾರಿ ವ್ಯವಸ್ಥೆಯಲ್ಲೇ ಮಕ್ಕಳ ಕಲಿಕೆ ಸುಧಾರಿಸಿ ಗೆದ್ದವರು ಯಾರಾದ್ರೂ ಇದಾರಾ?

ಇದಾರೆ. ಬ್ರೆಜಿಲ್‌ನ ಬಡ ರಾಜ್ಯ ಸಿಯಾರಾದಲ್ಲಿರೋ ಸೊಬ್ರಾಲ್ ಊರು. ಎರಡನೇ ಕ್ಲಾಸ್ ಮುಗಿಸೋ ಪ್ರತಿ ಮಗುಗೂ ಓದಕ್ಕೆ ಬರ್ಬೇಕು, ಸದ್ಯಕ್ಕೆ ಇದೇ ಗುರಿ ಅಂತ ಹಿಡ್ಕೊಂಡ್ರು, ಹೆಡ್‌ಮಾಸ್ಟರ್‌ಗಳನ್ನ ಶಿಫಾರಸ್ಸು ಬಿಟ್ಟು ಅರ್ಹತೆ ಮೇಲೆ ನೇಮಿಸಿದ್ರು, ಆಗಾಗ ಮಕ್ಕಳ ಓದು ಪರೀಕ್ಷಿಸಿ ಟೀಚರ್‌ಗಳಿಗೆ ತಿರುಗಿ ತರಬೇತಿ ಕೊಟ್ರು. ದೇಶದ ಶಿಕ್ಷಣ ಸೂಚ್ಯಂಕದಲ್ಲಿ 2005ರಲ್ಲಿ 4.0 ಇದ್ದದ್ದು 2017ರಲ್ಲಿ 9.1 ಆಗಿ ದೇಶಕ್ಕೇ ಮೊದಲು ಬಂತು. ಕೀನ್ಯಾದ ಟುಸೋಮೆ ಕಾರ್ಯಕ್ರಮ 2015ರಿಂದ ಪ್ರತಿ ಮಗುಗೆ ಪುಸ್ತಕ, ಟೀಚರ್‌ಗೆ ದಿನದಿನದ ಪಾಠದ ಗೈಡು, ಕ್ಲಾಸಿಗೇ ಬಂದು ಕೂತು ನೋಡೋ ಕೋಚ್, ಈ ಮೂರನ್ನೂ ದೇಶಕ್ಕೆಲ್ಲ ಹರಡ್ತು.

ಸೋತದ್ದನ್ನೂ ಹೇಳ್ಬೇಕು. ಮಟ್ಟ ನೋಡಿ ಕಲಿಸೋ ಪ್ರಥಮ್ ಪದ್ಧತೀನ ಸರ್ಕಾರಿ ಟೀಚರ್‌ಗಳಿಗೆ ಬರೀ ಟ್ರೈನಿಂಗು, ಕಿಟ್ಟು ಕೊಟ್ಟು ಬಿಟ್ಟಾಗ ಉತ್ತರಾಖಂಡದಲ್ಲಿ ಫಲ ಸಿಗ್ಲಿಲ್ಲ, ಟೀಚರ್‌ಗಳು ಪೋರ್ಷನ್ನಿಗೇ ವಾಪಸ್ ಹೋದ್ರು. ಹರಿಯಾಣದಲ್ಲಿ ದಿನಕ್ಕೆ ಒಂದು ಗಂಟೆ ಅದಕ್ಕಂತಲೇ ತೆಗೆದಿಟ್ಟು, ಕ್ಲಾಸ್ ಲೆಕ್ಕ ಬಿಟ್ಟು ಮಟ್ಟದ ಲೆಕ್ಕದಲ್ಲಿ ಮಕ್ಕಳನ್ನ ಕೂರ್ಸಿ, ಮೇಲಿನ ಅಧಿಕಾರಿಗಳು ಬಂದು ನೋಡ್ತಿದ್ದಾಗ ಹಿಂದಿ ಓದು ಸುಧಾರಿಸ್ತು. ಅದೇ ಟೀಚರ್ ವರ್ಗ, ಟೈಮ್‌ಟೇಬಲ್ ಮಾತ್ರ ಬೇರೆ. ಸುಧಾರಣೆ ಅಂದ್ರೆ ಎಷ್ಟೋ ಸಲ ಇಂಥ ನೀರಸ ಕೆಲಸನೇ, ಭಾಷಣಕ್ಕೆ ಬರಲ್ಲ.

ಅಪ್ಪ ಅಮ್ಮ ಆಗಿ ನಾನೇನು ಮಾಡ್ಲಿ? ಪಾಲಿಸಿ ನಮ್ಮ ಕೈಲಿಲ್ವಲ್ಲ.

ಪೇರೆಂಟ್ಸ್ ಮೀಟಿಂಗಿಗೆ ಹೋದಾಗ "ಎಷ್ಟು ಮಾರ್ಕ್ಸ್, ಎಷ್ಟನೇ ರ‍್ಯಾಂಕ್" ಅಂತ ಕೇಳೋದ್ರ ಬದಲು "ಇವಳಿಗೆ ಈಗ ಏನು ಬರಲ್ಲ, ಅದಕ್ಕೆ ಈ ತಿಂಗಳು ಏನ್ಮಾಡ್ತೀರ" ಅಂತ ಕೇಳಿ. ಮನೇಲಿ ನೀವೇ ಚೆಕ್ ಮಾಡ್ಬೇಕಂದ್ರೆ, ಮಗುನ ಕ್ಲಾಸಿಗಿಂತ ಒಂದೆರಡು ಕ್ಲಾಸ್ ಕೆಳಗಿನ ಪುಸ್ತಕ ತಗೊಳ್ಳಿ, ಹಿಂದೆ ಓದಿರದ ಪುಟ ತೆಗೀರಿ, ಗಟ್ಟಿಯಾಗಿ ಓದಿಸಿ, ಪುಸ್ತಕ ಮುಚ್ಚಿ ಏನಿತ್ತು ಅಂತ ಕೇಳಿ. ಗಣಿತಕ್ಕೆ ಎರಡಂಕಿ ಕಳೆಯೋದು, ಒಂದು ಭಾಗಾಕಾರ ಸಾಕು. ತಡವರಿಸಿದ್ರೆ ಬೈಬೇಡಿ, ಎಲ್ಲಿ ತಡವರಿಸ್ತು ಅಂತ ಬರ್ಕೊಳ್ಳಿ, ಅದನ್ನ ಟೀಚರ್‌ಗೆ ತೋರಿಸಿ. ಟ್ಯೂಷನ್ ಹಾಕೋದೇ ಆದ್ರೆ ಶಾಲೆ ಪೋರ್ಷನ್ನನ್ನೇ ಮತ್ತೆ ಓಡ್ಸೋ ಟ್ಯೂಷನ್ ಬೇಡ, ಆ ಚೀಟಿ ನೋಡಿ ಅಲ್ಲಿಂದ ಶುರು ಮಾಡ್ತೀನಿ ಅನ್ನೋರು ಸಿಕ್ರೆ ಹಾಕಿ. ಮತ್ತೆ ಹಾಗೇ ಒಂದು ಸಲ ಕಣ್ಣು ಟೆಸ್ಟ್ ಮಾಡಿಸಿ.